ಮಣ್ಣಿಗೆ ಹೋಗಿ ಬಂದ ಮೇಲೆ

ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆ ಶವಸಂಸ್ಕಾರಕ್ಕೆ ಹೋಗುವುದನ್ನು ‘ಮಣ್ಣಿಗೆ ಹೋಗುವುದು’ ಎನ್ನುವುದು ರೂಢಿ. ಸತ್ತವರು ಯಾವ ಮತದವರಾದರೂ ಈ ಮಾತು ಬದಲಾಗುವುದಿಲ್ಲ. ಅದು ಬದಲಾಗುವುದು ಮಾರನೆಯ ದಿನದ ಪತ್ರಿಕೆಯಲ್ಲಿ: ಒಬ್ಬರು ಲಿಂಗೈಕ್ಯರಾಗಿರುತ್ತಾರೆ, ಇನ್ನೊಬ್ಬರು ಸ್ವರ್ಗಸ್ಥರಾಗಿರುತ್ತಾರೆ, ಮತ್ತೊಬ್ಬರು ಪ್ರಭುವಿನಲ್ಲಿ ನಿದ್ರೆಹೋಗಿರುತ್ತಾರೆ. ಈಸ್ಟರ್ ಸಂಚಿಕೆಯ ಈ ಅಂಕಣದಲ್ಲಿ, ಚರ್ಚಿನ ಸಭಾಪಾಲಕನಾಗಿ ದುಡಿದ ನಾನು, ಕ್ರೈಸ್ತರು ನಿರೀಕ್ಷಿಸುವುದು ಆತ್ಮವು ದೇಹವನ್ನು ಬಿಟ್ಟು ಹೋಗುವುದನ್ನಲ್ಲ, ದೇಹವು ಎದ್ದು ಬರುವುದನ್ನು ಎಂದು ಒಂದು ಸಾಲು ಬರೆದಿದ್ದೆ. ಆ ಒಂದು ಸಾಲು ಹಲವರನ್ನು ಕೆಣಕಿದೆ, ಕೆಲವರನ್ನು ನೋಯಿಸಿಯೂ ಇದೆ. ಬಂದ ಪತ್ರಗಳಲ್ಲಿ ಆರನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಹೆಚ್ಚಿನವು ಮನೆಯೊಳಗಿನ ಸಾವನ್ನು ಕುರಿತವಾದ್ದರಿಂದ ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನಾನು ಲಿಂಗಾಯತ. ಕಳೆದ ತಿಂಗಳು ನನ್ನ ಜೊತೆ ಕೆಲಸ ಮಾಡಿದ್ದ ಕ್ರೈಸ್ತ ಮೇಷ್ಟ್ರೊಬ್ಬರ ಮಣ್ಣಿಗೆ ಹೋಗಿದ್ದೆ. ನಮ್ಮಲ್ಲೂ ಹೂಳುತ್ತೇವೆ, ನಿಮ್ಮಲ್ಲೂ ಹೂಳುತ್ತೀರಿ. ನಮ್ಮ ಶರಣರು ‘ಮರಣವೇ ಮಹಾನವಮಿ’ ಎಂದರು. ಅಲ್ಲಿ ನಿಮ್ಮ ಅಯ್ಯನವರು ‘ನಿಶ್ಚಯವಾದ ನಿರೀಕ್ಷೆ’ ಎಂದು ಹೇಳಿ ಮಣ್ಣು ಹಾಕಿದರು. ಎರಡೂ ಒಂದೇ ಮಾತಲ್ಲವೇ? (ಜಗಳೂರು ತಾಲ್ಲೂಕಿನ ನಿವೃತ್ತ ಶಿಕ್ಷಕರು)

ಉತ್ತರ: ಒಂದೇ ಮಾತಲ್ಲ, ಆದರೆ ಒಂದೇ ಓಣಿಯ ಎರಡು ಮನೆಗಳ ಮಾತು ಎನ್ನಬಹುದು. ತಾವು ಗುಂಡಿಯ ಬಳಿ ನಿಂತು ನೋಡಿದವರಾದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ತಮ್ಮಲ್ಲಿ ದೇಹವನ್ನು ಕುಳ್ಳಿರಿಸಿ, ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು, ವಿಭೂತಿ, ಪತ್ರೆಗಳೊಂದಿಗೆ ಸಮಾಧಿ ಮಾಡುತ್ತಾರೆ. ಪೂಜೆಗೆ ಕುಳಿತವರನ್ನು ಪೂಜೆಯಲ್ಲೇ ಬಿಟ್ಟು ಬಂದ ಹಾಗೆ ಅದು ನನಗೆ ಕಾಣುತ್ತದೆ. ಸೇರಬೇಕಾದಲ್ಲಿಗೆ ಸೇರಿಯಾಯಿತು ಎಂಬ ನಂಬಿಕೆ ಆ ಭಂಗಿಯಲ್ಲೇ ಇದೆ. ನಮ್ಮಲ್ಲಿ ಮಲಗಿಸುತ್ತಾರೆ. ಹಳೆಯ ಪದ್ಧತಿಯ ಪ್ರಕಾರ ಕಾಲು ಪೂರ್ವಕ್ಕೆ ಬರುವಂತೆ ಮಲಗಿಸುತ್ತಿದ್ದರು, ಎದ್ದಾಗ ಮುಖ ಮೂಡಣಕ್ಕಿರಲಿ ಎಂದು. ಮಲಗಿಸಿದ ಮೇಲೆ ಏಳುವುದು ಬಾಕಿ ಇದ್ದೇ ಇರುತ್ತದಲ್ಲವೇ? ಮೊದಲ ಕ್ರೈಸ್ತರು ತಮ್ಮ ಸಮಾಧಿಸ್ಥಳಕ್ಕೆ ಇಟ್ಟುಕೊಂಡ ಗ್ರೀಕ್ ಹೆಸರು ‘ಕೊಯ್ಮೆಟೇರಿಯನ್’, ಅಂದರೆ ಮಲಗುವ ಜಾಗ; ಇಂಗ್ಲಿಷಿನ ‘ಸಿಮೆಟ್ರಿ’ ಅದರಿಂದಲೇ ಬಂದದ್ದು. ಪುನರುತ್ಥಾನಕ್ಕೆ ಅವರು ಬಳಸಿದ ‘ಅನಾಸ್ತಾಸಿಸ್’ ಎಂಬ ಪದಕ್ಕೆ ಎದ್ದು ನಿಲ್ಲುವುದು ಎಂದು ಅರ್ಥ. ಹೀಗಾಗಿ ‘ಪ್ರಭುವಿನಲ್ಲಿ ನಿದ್ರೆಹೋದರು’ ಎಂದು ಪತ್ರಿಕೆಯಲ್ಲಿ ಅಚ್ಚಾಗುವ ಮಾತು ಸಾವನ್ನು ಮೆತ್ತಗೆ ಹೇಳುವ ಉಪಾಯವಲ್ಲ, ಎಬ್ಬಿಸುವವನೊಬ್ಬನಿದ್ದಾನೆ ಎಂಬ ನಂಬಿಕೆಯ ಮಾತು.

ಇಲ್ಲಿ ನಮ್ಮ ಸೀಮೆಯದೇ ಒಂದು ಹಳೆಯ ಸಾಕ್ಷ್ಯ ನೆನಪಾಗುತ್ತದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ, ಅಶೋಕನ ಶಾಸನವಿರುವ ಆ ನೆಲದಲ್ಲಿ, 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದಾಗ ಚಪ್ಪಡಿ ಕಲ್ಲುಗಳನ್ನು ನಿಲ್ಲಿಸಿ ಕಟ್ಟಿದ ಸಮಾಧಿಗಳೊಳಗೆ ಎಲುಬುಗಳ ಜೊತೆಗೆ ಕಪ್ಪು–ಕೆಂಪು ಬಣ್ಣದ ಮಡಕೆಗಳೂ ಕಬ್ಬಿಣದ ಸಾಧನಗಳೂ ದೊರೆತವು. ಆ ಜನ ತಮ್ಮ ನಂಬಿಕೆಯನ್ನು ಬರೆದಿಟ್ಟು ಹೋಗಲಿಲ್ಲ, ಆದರೆ ದೂರದ ಊರಿಗೆ ಹೊರಟವರಿಗೆ ಬುತ್ತಿ ಕಟ್ಟಿಕೊಟ್ಟ ಕೈಗಳು ಅವು ಎಂದು ನೋಡಿದವರಿಗೆ ಅನ್ನಿಸದೆ ಇರದು. ಕ್ರೈಸ್ತರ ಶವಪೆಟ್ಟಿಗೆಯಲ್ಲಿ ಬುತ್ತಿ ಇಡುವ ಸಂಪ್ರದಾಯವಿಲ್ಲ. ಮಲಗಿದವರಿಗೆ ಬುತ್ತಿ ಬೇಕಾಗುವುದಿಲ್ಲ.

ಇನ್ನು ಐಕ್ಯದ ವಿಷಯ. ಐಕ್ಯವೆಂದರೆ ಎರಡು ಒಂದಾಗುವುದು, ಉಪ್ಪು ನೀರಿನಲ್ಲಿ ಕರಗಿದ ಹಾಗೆ. ಕ್ರೈಸ್ತರ ನಿರೀಕ್ಷೆಯಲ್ಲಿ ದೇವರೂ ಮನುಷ್ಯರೂ ಕೊನೆಯವರೆಗೂ ಇಬ್ಬರಾಗಿಯೇ ಉಳಿಯುತ್ತಾರೆ, ಮುಖಾಮುಖಿಯಾಗಿ. ತಮ್ಮ ಮೇಷ್ಟ್ರು ಏಳುವಾಗ ತಮ್ಮ ಮೇಷ್ಟ್ರಾಗಿಯೇ ಏಳುತ್ತಾರೆ, ತಮ್ಮ ಹೆಸರಿಗೆ ಓಗೊಡುವವರಾಗಿ. ಯಾವುದು ಹೆಚ್ಚು, ಯಾವುದು ಕಡಿಮೆ ಎಂಬ ತಕ್ಕಡಿಯನ್ನು ನಾನು ಹಿಡಿಯಲಾರೆ. ಎರಡೂ ಒಂದೇ ಎಂದು ಹೇಳಿ ಎರಡಕ್ಕೂ ಅನ್ಯಾಯ ಮಾಡಲೂ ಆರೆ.

‘ಮರಣವೇ ಮಹಾನವಮಿ’ ಎಂಬ ಮಾತನ್ನು ನಾನು ಗೌರವದಿಂದ, ತುಸು ಅಸೂಯೆಯಿಂದಲೂ ಕೇಳುತ್ತೇನೆ. ಯೇಸುವಿನ ಸುವಾರ್ತೆಯನ್ನು ಊರೂರಿಗೆ ಒಯ್ದ ನಮ್ಮ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಮರಣವನ್ನು ಕರೆದದ್ದು ಕಡೆಯ ಶತ್ರು ಎಂದು. ಯೇಸುವೂ ಸಾವಿನ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಹಬ್ಬಕ್ಕೆ ಹೊರಟವನ ಹಾಗೆ ಇರಲಿಲ್ಲ. ಈ ಸಂಕಟದ ಪಾತ್ರೆ ತನ್ನಿಂದ ದೂರವಾಗಲಿ ಎಂದು ನೆಲಕ್ಕೆ ಬಿದ್ದು ಬೇಡಿದ. 1226ರಲ್ಲಿ ತೀರಿಕೊಂಡ ಅಸಿಸಿಯ ಫ್ರಾನ್ಸಿಸ್ ಸಾವನ್ನು ಸೋದರಿ ಎಂದು ಕರೆದು ಹಾಡಿದ್ದುಂಟು, ಅವನಿಗೆ ತಮ್ಮ ಶರಣರ ಮಾತು ಬೇಗ ಅರ್ಥವಾಗುತ್ತಿತ್ತೇನೋ. ಆದರೆ ಬೈಬಲಿನ ಮುಖ್ಯ ಧಾಟಿ ಬೇರೆ: ಸಾವು ವೈರಿ, ಆ ವೈರಿಯನ್ನು ಒಬ್ಬಾತ ಗೆದ್ದಿದ್ದಾನೆ, ಗೆಲುವಿನ ಫಲ ಎಲ್ಲರಿಗೂ ತಲುಪುವುದು ಇನ್ನೂ ಬಾಕಿ ಇದೆ.

‘ನಿಶ್ಚಯವಾದ ನಿರೀಕ್ಷೆ’ ಎಂಬುದು ನಮ್ಮ ಸಭೆಗಳ, ಅಂದರೆ ಚರ್ಚುಗಳ, ಶವಸಂಸ್ಕಾರದ ಕ್ರಮದಲ್ಲಿ ಬರುವ ಮಾತು. ‘ಮಣ್ಣಿಗೆ ಮಣ್ಣು, ಬೂದಿಗೆ ಬೂದಿ, ಧೂಳಿಗೆ ಧೂಳು’ ಎನ್ನುತ್ತಾ ಮೂರು ಹಿಡಿ ಮಣ್ಣು ಹಾಕಿದ ಕೂಡಲೇ ಅದನ್ನು ಹೇಳುತ್ತಾರೆ. ಇದರ ಮೂಲ ಇಂಗ್ಲೆಂಡಿನಲ್ಲಿ 1549ರಲ್ಲಿ ಸಿದ್ಧವಾದ ಪ್ರಾರ್ಥನಾ ಕ್ರಮ. ಕನ್ನಡ ಬೈಬಲ್ ಇಲ್ಲಿ ‘ಆಸೆ’ ಎನ್ನದೆ ‘ನಿರೀಕ್ಷೆ’ ಎಂದದ್ದು ನನಗೆ ಬಹಳ ಇಷ್ಟ. ಆಸೆ ಮನಸ್ಸಿನೊಳಗಿನದು, ಅದಕ್ಕೆ ಇನ್ನೊಬ್ಬರು ಬೇಕಿಲ್ಲ. ನಿರೀಕ್ಷೆ ಎಂದರೆ, ಬರುತ್ತೇನೆ ಎಂದು ಹೇಳಿ ಹೋದವರಿಗಾಗಿ ಬಾಗಿಲಲ್ಲಿ ನಿಂತು ದಾರಿ ನೋಡುವುದು.

ಪ್ರಶ್ನೆ: ನನ್ನ ಮಗನಿಗೆ ಇಪ್ಪತ್ತೊಂದು ವರ್ಷ. ಹೆದ್ದಾರಿಯಲ್ಲಿ ಅಪಘಾತವಾಗಿ ತೀರಿಕೊಂಡ. ಎಂಟು ತಿಂಗಳಾಯಿತು. ಅವನ ಬೈಕಿನ ಕೀಲಿಕೈ ಇನ್ನೂ ಗೋಡೆಯ ಮೊಳೆಯಲ್ಲೇ ಇದೆ, ತೆಗೆಯಲು ಕೈ ಬರುತ್ತಿಲ್ಲ. ಸಭೆಯವರು ಮನೆಗೆ ಬಂದು, ‘ದೇವರಿಗೆ ಒಳ್ಳೆಯ ಹೂವು ಬೇಕಾಗಿತ್ತು, ಕಿತ್ತುಕೊಂಡರು, ಪುನರುತ್ಥಾನವನ್ನು ನಂಬುವವರು ಹೀಗೆ ಅಳಬಾರದು’ ಎನ್ನುತ್ತಾರೆ. ನನ್ನ ವಿಶ್ವಾಸ ಕಡಿಮೆಯಾಗಿದೆಯೇ, ಅಯ್ಯನವರೇ? (ಚಿತ್ರದುರ್ಗದ ತಾಯಿಯೊಬ್ಬರು)

ಉತ್ತರ: ಇಲ್ಲ, ತಾಯಿ. ಮೊದಲು ಈ ಒಂದು ಮಾತನ್ನು ಇಟ್ಟುಕೊಳ್ಳಿ, ಉಳಿದದ್ದನ್ನು ಬಿಡುವಾದಾಗ ಓದಿ.

ಯೋಹಾನನ ಸುವಾರ್ತೆಯ 11ನೇ ಅಧ್ಯಾಯ ನಿಮಗೆ ಗೊತ್ತಿರುವುದೇ. ಬೇಥಾನ್ಯದ ಲಾಜರ ಸತ್ತು ನಾಲ್ಕು ದಿನವಾದ ಮೇಲೆ ಯೇಸು ಬರುತ್ತಾನೆ. ಅಕ್ಕ ಮಾರ್ಥಳೂ ತಂಗಿ ಮರಿಯಳೂ ಬೇರೆ ಬೇರೆಯಾಗಿ ಬಂದು ಒಂದೇ ಮಾತು ಹೇಳುತ್ತಾರೆ: ನೀನು ಇಲ್ಲಿದ್ದಿದ್ದರೆ ಅವನು ಸಾಯುತ್ತಿರಲಿಲ್ಲ. ಅದು ಪ್ರಾರ್ಥನೆಯಲ್ಲ, ದೂರು. ಆ ದೂರಿಗಾಗಿ ಆತ ಇಬ್ಬರನ್ನೂ ಗದರಿಸಲಿಲ್ಲ. ಮಾರ್ಥಳಿಗೆ ‘ನಾನೇ ಪುನರುತ್ಥಾನವೂ ಜೀವವೂ ಆಗಿದ್ದೇನೆ’ ಎಂದು ಹೇಳಿದ. ಮರಿಯಳಿಗೆ ಅಷ್ಟನ್ನೂ ಹೇಳಲಿಲ್ಲ, ಅವಳ ಜೊತೆ ಅತ್ತ. ಇನ್ನು ಸ್ವಲ್ಪ ಹೊತ್ತಿನಲ್ಲಿ ಲಾಜರ ಹೊರಗೆ ನಡೆದು ಬರಲಿದ್ದಾನೆ ಎಂದು ಆತನಿಗೆ ತಿಳಿದಿತ್ತು. ತಿಳಿದೂ ಅತ್ತ. ಪುನರುತ್ಥಾನವನ್ನು ನಂಬುವವರು ಅಳಬಾರದು ಎಂಬ ನಿಯಮವಿದ್ದರೆ ಅದನ್ನು ಮೊದಲು ಮುರಿದವನು ಯೇಸುವೇ.

ಅದೇ ಅಧ್ಯಾಯದಲ್ಲಿ ನಮ್ಮ ಬೋಧನೆಗಳಲ್ಲಿ ಸಾಮಾನ್ಯವಾಗಿ ತಪ್ಪಿಹೋಗುವ ಇನ್ನೊಂದು ಸೂಕ್ಷ್ಮವಿದೆ. ಜನ ಅಳುವುದನ್ನು ಕಂಡಾಗ ಆತನಿಗೆ ಏನಾಯಿತು ಎಂದು ಹೇಳಲು ಯೋಹಾನನು ಬಳಸುವ ಗ್ರೀಕ್ ಕ್ರಿಯಾಪದವು ಕುದುರೆ ಸಿಟ್ಟಿನಿಂದ ಮೂಗಿನ ಹೊಳ್ಳೆ ಅರಳಿಸಿ ಬುಸುಗುಟ್ಟುವುದಕ್ಕೂ ಬಳಕೆಯಾಗುತ್ತಿದ್ದ ಪದ. ಕನ್ನಡದಲ್ಲಿ ನಾವು ಅದನ್ನು ನೊಂದುಕೊಂಡನು ಎಂದು ಓದುತ್ತೇವೆ. ಅದರಲ್ಲಿ ಕೋಪವೂ ಇದೆ. ಸಾವಿನ ಎದುರು ಆತ ಸಿಟ್ಟಾಗಿದ್ದ. ಸಾವು ದೇವರು ಹೂವು ಕೀಳುವ ಕೆಲಸವಾಗಿದ್ದರೆ ದೇವರ ಮಗನಿಗೆ ಅದರ ಮೇಲೆ ಸಿಟ್ಟೇಕೆ ಬರಬೇಕು? ಹೂವಿನ ಮಾತನ್ನು ಹೇಳುವವರು ಕೆಟ್ಟವರಲ್ಲ, ಸುಮ್ಮನಿರಲು ತಿಳಿಯದವರು. ಬೈಬಲಿನಲ್ಲಿ ಮಕ್ಕಳನ್ನೆಲ್ಲ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕುಳಿತಿದ್ದರಲ್ಲ, ಆವರೆಗೆ ಅವರು ಒಳ್ಳೆಯ ಗೆಳೆಯರೇ ಆಗಿದ್ದರು. ಬಾಯಿ ತೆರೆದಾಗ ಕೆಟ್ಟರು.

ನಿಮಗೆ ಬಹುಶಃ ಥೆಸಲೋನಿಕದವರಿಗೆ ಪೌಲ ಬರೆದ ಮೊದಲ ಪತ್ರದ ವಾಕ್ಯವನ್ನೂ ತೋರಿಸಿರುತ್ತಾರೆ. ಸುಮಾರು ಕ್ರಿ.ಶ. 50ರಲ್ಲಿ ಬರೆದ ಆ ಪತ್ರ ಹೊಸ ಒಡಂಬಡಿಕೆಯ ಅತ್ಯಂತ ಹಳೆಯ ಬರಹಗಳಲ್ಲೊಂದು. ಸಭೆಯಲ್ಲಿ ಕೆಲವರು ತೀರಿಕೊಂಡು ಉಳಿದವರು ಕಂಗೆಟ್ಟಿದ್ದಾಗ ಬರೆದದ್ದು. ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿರಿ ಎನ್ನುತ್ತಾನೆ ಪೌಲ. ಆ ವಾಕ್ಯದ ಮೊದಲ ಅರ್ಧವನ್ನು ನುಂಗಿ, ‘ದುಃಖಿಸಬೇಡಿರಿ’ ಎಂಬ ಕೊನೆಯ ತುಂಡನ್ನು ಮಾತ್ರ ದುಃಖದ ಮನೆಗೆ ಹೊತ್ತು ತರುವುದು ನಮ್ಮ ಸಭೆಗಳ ಹಳೆಯ ದುರಭ್ಯಾಸ. ಆ ಪೌಲನೇ ತನ್ನ ಜೊತೆಗಾರ ಎಪಫ್ರೊದೀತ ಸಾಯುವ ಸ್ಥಿತಿಗೆ ಹೋಗಿ ಬದುಕಿದಾಗ, ದೇವರು ನನ್ನನ್ನೂ ಕರುಣಿಸಿದರು, ಇಲ್ಲದಿದ್ದರೆ ನನಗೆ ದುಃಖದ ಮೇಲೆ ದುಃಖ ಬರುತ್ತಿತ್ತು ಎಂದು ಫಿಲಿಪ್ಪಿಯವರಿಗೆ ಬರೆದ. ನಿರೀಕ್ಷೆಯಿದ್ದವನಿಗೂ ದುಃಖ ಬರುತ್ತದೆ ಎಂದು ಅವನಿಗೆ ಗೊತ್ತಿತ್ತು.

ಒಂದು ತಪ್ಪೊಪ್ಪಿಗೆಯನ್ನು ಇಲ್ಲಿ ಸೇರಿಸದಿದ್ದರೆ ನಿಮಗೆ ಮೋಸ ಮಾಡಿದಂತಾಗುತ್ತದೆ. ಹೊಸದಾಗಿ ಸಭಾಪಾಲಕನಾಗಿದ್ದ ದಿನಗಳಲ್ಲಿ, ಮಗುವನ್ನು ಕಳೆದುಕೊಂಡ ಒಬ್ಬ ತಾಯಿಗೆ ಆ ಹೂವಿನ ಮಾತನ್ನು ನಾನೇ ಹೇಳಿದ್ದೆ. ಆಕೆ ಎದುರಾಡಲಿಲ್ಲ. ಒಳಗೆ ಹೋಗಿ ಚಹಾ ಮಾಡಿ ತಂದು ನನ್ನ ಮುಂದಿಟ್ಟು, ಗೋಡೆಯ ಕಡೆ ತಿರುಗಿ ಕುಳಿತರು. ಎಷ್ಟೋ ವರ್ಷಗಳ ನಂತರ ನನ್ನ ಹೆಂಡತಿ ತೀರಿಕೊಂಡಾಗ ಯಾರೋ ಅದೇ ಮಾತನ್ನು ನನಗೆ ಹೇಳಿದರು. ಆಗ ಆ ಗೋಡೆ ನೆನಪಾಯಿತು.

ಕೀಲಿಕೈ ಮೊಳೆಯಲ್ಲೇ ಇರಲಿ, ತಾಯಿ. ಅದನ್ನು ಯಾವಾಗ ತೆಗೆಯಬೇಕು ಎಂದು ಯಾವ ಸಭೆಯೂ ತೀರ್ಮಾನಿಸಬೇಕಾಗಿಲ್ಲ.

ಪ್ರಶ್ನೆ: ನಾವು ಕಥೋಲಿಕರು. 2021ರ ಮೇ ತಿಂಗಳಲ್ಲಿ ನಮ್ಮ ತಂದೆ ಬೆಂಗಳೂರಿನಲ್ಲಿ ಕೋವಿಡ್‌ನಿಂದ ತೀರಿಕೊಂಡರು. ಊರಿಗೆ ತರಲಾಗದೆ ವಿದ್ಯುತ್ ಚಿತಾಗಾರದಲ್ಲಿ ದಹನವಾಯಿತು. ಬೂದಿಯನ್ನು ನನ್ನ ತಮ್ಮ ತಂದು ತುಂಗಭದ್ರೆಯಲ್ಲಿ ಬಿಟ್ಟ. ಈಗ ನಿಮ್ಮ ಲೇಖನ ಓದಿ ಹೆದರಿಕೆಯಾಗಿದೆ: ದೇಹವೇ ಇಲ್ಲದಿದ್ದರೆ ಎದ್ದು ಬರುವುದು ಏನು? (ಹರಿಹರದ ಓದುಗರು)

ಉತ್ತರ: ಈ ಹೆದರಿಕೆಯನ್ನು ಹುಟ್ಟಿಸಲೆಂದೇ ಒಮ್ಮೆ ಕೆಲವರು ಕ್ರೈಸ್ತರ ಬೂದಿಯನ್ನು ನದಿಗೆ ಎಸೆದಿದ್ದರು. ಈಗಿನ ಫ್ರಾನ್ಸಿನ ಲಿಯೋನ್ ಪಟ್ಟಣದಲ್ಲಿ ಕ್ರಿ.ಶ. 177ರಲ್ಲಿ ರೋಮನ್ ಆಡಳಿತ ಹಲವಾರು ಕ್ರೈಸ್ತರನ್ನು ಕೊಂದಿತು. ಹೂಳಲು ದೇಹಗಳನ್ನು ಕೊಡಲಿಲ್ಲ. ಆರು ದಿನ ಬಯಲಿನಲ್ಲಿ ಬಿಟ್ಟು, ಸುಟ್ಟು, ಬೂದಿಯನ್ನು ರೋನ್ ನದಿಗೆ ಸುರಿದರು, ಇನ್ನು ಇವರು ಹೇಗೆ ಏಳುತ್ತಾರೋ ನೋಡೋಣ ಎಂದು. ಉಳಿದ ವಿಶ್ವಾಸಿಗಳು ಇದನ್ನೆಲ್ಲ ದುಃಖದಿಂದ ಪತ್ರದಲ್ಲಿ ಬರೆದು ಬೇರೆ ಸಭೆಗಳಿಗೆ ಕಳುಹಿಸಿದರು. ಆದರೆ ನಮ್ಮವರು ಇನ್ನು ಏಳಲಾರರು ಎಂದು ಅವರು ಬರೆಯಲಿಲ್ಲ. ಇಲ್ಲದ್ದನ್ನು ಇರುವಂತೆ ಕರೆದ ದೇವರಿಗೆ ಒಂದು ನದಿ ಅಡ್ಡಿಯೇ?

ಹೂತ ದೇಹವೂ ಉಳಿಯುವುದಿಲ್ಲ ಎಂಬುದನ್ನು ನಾವು ಮರೆಯುತ್ತೇವೆ. ನಮ್ಮ ಎರೆಭೂಮಿಗೆ ಕೆಲವು ಮಳೆಗಾಲ ಸಾಕು. ಪೌಲನು ಇದಕ್ಕೆ ಕೊಟ್ಟ ಹೋಲಿಕೆ ಬಿತ್ತನೆಯದು. ದಾವಣಗೆರೆ ಸೀಮೆಯವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಮೆಕ್ಕೆಜೋಳ ಬಿತ್ತಿದ ಒಂದು ತಿಂಗಳ ಮೇಲೆ ಸಾಲನ್ನು ಕೆದಕಿ, ನಾನು ಹಾಕಿದ ಕಾಳು ಎಲ್ಲಿ ಎಂದು ಹುಡುಕಿದರೆ ಸಿಗುವುದು ಬರೀ ಸಿಪ್ಪೆ. ಆದರೂ ನಿಂತ ಪೈರು ಆ ಕಾಳಿನದೇ, ಪಕ್ಕದ ಹೊಲದ್ದಲ್ಲ. ಕಾಳಿಗೂ ತೆನೆಗೂ ಇರುವ ಈ ನಂಟನ್ನು ಪೌಲ ನಂಬಿದ. ಹಳೆಯ ಅಣುಗಳನ್ನು ಎಣಿಸಿ ಕೂಡಿಸುವ ಲೆಕ್ಕಕ್ಕೆ ಕೈಹಾಕಲಿಲ್ಲ.

ನಿಯಮದ ಮಾತನ್ನು ಬೇಗ ಮುಗಿಸುತ್ತೇನೆ. 1963ರವರೆಗೆ ಕಥೋಲಿಕ ಧರ್ಮಸಭೆ ದಹನವನ್ನು ನಿಷೇಧಿಸಿತ್ತು. ಆ ವರ್ಷ ನಿಷೇಧವನ್ನು ಸಡಿಲಿಸಿ, ಪುನರುತ್ಥಾನವನ್ನು ಅಲ್ಲಗಳೆಯಲೆಂದು ಮಾಡದಿದ್ದರೆ ದಹನ ತಪ್ಪಲ್ಲ ಎಂದಿತು, ಹೂಳುವುದೇ ಮೇಲೆಂದೂ ಸೇರಿಸಿತು. 2016ರ ಸೂಚನೆಯಂತೆ ಬೂದಿಯನ್ನು ಚೆಲ್ಲಬಾರದು, ಹಂಚಿಕೊಳ್ಳಬಾರದು, ಪವಿತ್ರ ಸ್ಥಳದಲ್ಲಿ ಇಡಬೇಕು. ನಿಮ್ಮ ತಮ್ಮ ಮಾಡಿದ್ದು ಈ ಸೂಚನೆಗೆ ಹೊರತಾದದ್ದು ನಿಜ, ಅಂಥ ದಿನಗಳಲ್ಲಿ ಅವರಿಗೆ ಇದನ್ನು ಹೇಳುವವರು ಯಾರಿದ್ದರು? ಈ ನಿಯಮಗಳು ಇರುವುದು ಬದುಕಿರುವವರು ಸತ್ತವರ ದೇಹವನ್ನು ಗೌರವಿಸಲಿ ಎಂದು. ಪಾಲಿಸದಿದ್ದರೆ ದೇವರ ಕೈ ಕಟ್ಟಿಹೋಗುತ್ತದೆ ಎಂದು ಅವು ಎಲ್ಲೂ ಹೇಳುವುದಿಲ್ಲ. ಆರೋಗ್ಯಮಾತೆಯ ಬಸಿಲಿಕಾ ನಿಮ್ಮ ಊರಿನಲ್ಲೇ ಇದೆ. ತಮ್ಮನನ್ನು ಕರೆದುಕೊಂಡು ಹೋಗಿ ತಂದೆಯ ಹೆಸರಿನಲ್ಲಿ ಪೂಜೆಗೆ ಕೊಡಿ. ಅವನನ್ನು ಬೈಯಬೇಡಿ.

ಪ್ರಶ್ನೆ: ಪುನರ್ಜನ್ಮಕ್ಕೂ ಪುನರುತ್ಥಾನಕ್ಕೂ ಏನು ವ್ಯತ್ಯಾಸ? ಯೇಸು ಎದ್ದನು ಎನ್ನುವುದಕ್ಕೆ ನಂಬಿಕೆಯ ಹೊರತು ಬೇರೆ ಆಧಾರವಿದೆಯೇ? (ದಾವಣಗೆರೆಯ ಎಂಜಿನಿಯರಿಂಗ್ ವಿದ್ಯಾರ್ಥಿ)

ಉತ್ತರ: ಪುನರ್ಜನ್ಮದಲ್ಲಿ ಅದೇ ಜೀವ ಬೇರೆ ದೇಹಕ್ಕೆ, ಬೇರೆ ಹೆಸರಿಗೆ, ಮತ್ತೆ ಇದೇ ಲೋಕಕ್ಕೆ ಬರುತ್ತದೆ, ಮತ್ತೆ ಸಾಯುತ್ತದೆ. ಪುನರುತ್ಥಾನದಲ್ಲಿ ಅದೇ ವ್ಯಕ್ತಿ, ಮಾರ್ಪಟ್ಟ ದೇಹದಲ್ಲಿ, ಮತ್ತೆಂದೂ ಸಾಯದಂತೆ ಏಳುತ್ತಾನೆ. ಮೂರನೆಯದೊಂದಿದೆ, ಅದನ್ನು ಇವೆರಡರ ಜೊತೆ ಬೆರೆಸಬಾರದು: ಲಾಜರನಿಗೆ ಆದದ್ದು ಹಳೆಯ ಬದುಕಿಗೆ ಮರಳುವುದು ಮಾತ್ರ, ಅವನು ಮುಂದೆ ಇನ್ನೊಮ್ಮೆ ಸತ್ತಿರಲೇಬೇಕು. ಪಾಪ, ಎರಡು ಸಲ.

ಆಧಾರದ ಪ್ರಶ್ನೆಗೆ ಎಂಜಿನಿಯರಿಂಗ್ ಓದುವವರು ಒಪ್ಪುವಂಥ ಪ್ರಮಾಣ ನನ್ನಲ್ಲಿಲ್ಲ. ಇರುವುದು ಸಾಕ್ಷಿಗಳ ಮಾತು. ಪೌಲನು ಸುಮಾರು ಕ್ರಿ.ಶ. 55ರಲ್ಲಿ, ಎಂದರೆ ಯೇಸು ಸತ್ತು ಇಪ್ಪತ್ತೈದು ವರ್ಷಗಳ ಆಸುಪಾಸಿನಲ್ಲಿ, ಎದ್ದ ಯೇಸುವನ್ನು ಕಂಡವರ ಪಟ್ಟಿಯೊಂದನ್ನು ಕೊಡುತ್ತಾನೆ. ಅದು ತನಗೆ ಹಿಂದಿನವರಿಂದ ಬಂದದ್ದು ಎನ್ನುತ್ತಾನೆ. ಒಮ್ಮೆಗೇ ಐನೂರಕ್ಕಿಂತ ಹೆಚ್ಚು ಮಂದಿ ಕಂಡರು, ಅವರಲ್ಲಿ ಹೆಚ್ಚಿನವರು ಇನ್ನೂ ಇದ್ದಾರೆ ಎಂದು ಸೇರಿಸುತ್ತಾನೆ. ಹೋಗಿ ಕೇಳಿ ಎಂಬ ಧ್ವನಿ ಅದರಲ್ಲಿದೆ. ಸುವಾರ್ತೆಗಳು ಬರಿದಾದ ಸಮಾಧಿಯನ್ನು ಮೊದಲು ಕಂಡವರು ಹೆಂಗಸರು ಎನ್ನುತ್ತವೆ. ಹೆಂಗಸರ ಸಾಕ್ಷ್ಯಕ್ಕೆ ಬೆಲೆ ಕೊಡದಿದ್ದ ಆ ಕಾಲದಲ್ಲಿ ಕಟ್ಟುಕಥೆ ಹೆಣೆಯುವವರು ಹಾಗೆ ಹೆಣೆಯುತ್ತಿರಲಿಲ್ಲ. ಲೂಕನು ಯೇಸು ಸುಟ್ಟ ಮೀನಿನ ತುಂಡು ತಿಂದನೆಂದು ಬರೆಯುತ್ತಾನೆ, ಯೋಹಾನನು ಕೈಯ ಗಾಯದ ಗುರುತುಗಳು ಉಳಿದಿದ್ದವು ಎನ್ನುತ್ತಾನೆ. ಇಷ್ಟೆಲ್ಲ ಕೂಡಿಸಿದರೂ ಚರಿತ್ರೆ ನಿಮ್ಮನ್ನು ಸಮಾಧಿಯ ಬಾಗಿಲವರೆಗೆ ಮಾತ್ರ ತಂದು ನಿಲ್ಲಿಸುತ್ತದೆ. ಕ್ರಿಸ್ತನು ಎದ್ದಿಲ್ಲವಾದರೆ ನಮ್ಮ ಬೋ­ಧನೆಯೂ ವ್ಯರ್ಥ, ನಿಮ್ಮ ನಂಬಿಕೆಯೂ ವ್ಯರ್ಥ ಎಂದು ಪೌಲನೇ ಒಪ್ಪಿಕೊಂಡಿದ್ದಾನೆ. ಕೈಯಿಟ್ಟು ನೋಡದೆ ನಂಬುವುದಿಲ್ಲ ಎಂದ ತೋಮನನ್ನು ಉಳಿದ ಶಿಷ್ಯರು ಆ ಒಂದು ವಾರ ಮನೆಯಿಂದ ಹೊರಗೆ ಹಾಕಲಿಲ್ಲ ಎಂಬುದನ್ನೂ ಗಮನಿಸಿ. ನಿಮ್ಮ ಪ್ರಶ್ನೆಯ ಜೊತೆಗೇ ನೀವು ನಮ್ಮ ಚರ್ಚಿನ ಬೆಂಚಿನಲ್ಲಿ ಬಂದು ಕೂರಬಹುದು.

ಪ್ರಶ್ನೆ: ನಾನು ಹಿಂದೂ ಮನೆಯಿಂದ ಕ್ರೈಸ್ತ ಮನೆಗೆ ಬಂದ ಸೊಸೆ. ತವರಿನಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತಾರೆ. ಹೋದ ವರ್ಷ ನನ್ನ ಅಪ್ಪ ತೀರಿಕೊಂಡರು. ಕ್ರೈಸ್ತರು ಸತ್ತವರಿಗೆ ಏನೂ ಮಾಡುವುದಿಲ್ಲವೇ? ದೀಕ್ಷಾಸ್ನಾನ ಪಡೆಯದ ನನ್ನ ಅಪ್ಪನ ಗತಿಯೇನು? (ಹೊನ್ನಾಳಿಯ ಓದುಗರು)

ಉತ್ತರ: ಮಾಡುತ್ತಾರೆ, ಆದರೆ ಒಬ್ಬೊಬ್ಬರು ಒಂದೊಂದು ರೀತಿ. ಕಥೋಲಿಕರು ನವೆಂಬರ್ 2ರಂದು ಸಕಲ ಮೃತರ ಸ್ಮರಣೆ ಆಚರಿಸುತ್ತಾರೆ; ಸಮಾಧಿಗಳನ್ನು ತೊಳೆದು, ಹೂವಿಟ್ಟು, ಮೇಣದ ಬತ್ತಿ ಹಚ್ಚಿ, ಶುದ್ಧೀಕರಣದ ಸ್ಥಿತಿಯಲ್ಲಿರುವವರಿಗಾಗಿ ಪ್ರಾರ್ಥಿಸುತ್ತಾರೆ. ಹತ್ತನೆಯ ಶತಮಾನದ ಕೊನೆಗೆ ಕ್ಲೂನಿಯ ಮಠಾಧಿಪತಿ ಓಡಿಲೋ ತನ್ನ ಮಠಗಳಲ್ಲಿ ಆರಂಭಿಸಿದ ಆಚರಣೆ ಅದು. ನಮ್ಮಂಥ ಪ್ರೊಟೆಸ್ಟೆಂಟರು ಸತ್ತವರಿಗಾಗಿ ಬೇಡುವುದನ್ನು ಬಿಟ್ಟು, ಅವರಿಗಾಗಿ ದೇವರಿಗೆ ವಂದನೆ ಹೇಳುವುದನ್ನು ಮಾತ್ರ ಇಟ್ಟುಕೊಂಡೆವು; ಸತ್ತವರ ಬಿಡುಗಡೆಗೆಂದು ಹಣ ಪಡೆಯುತ್ತಿದ್ದ ಕಾಲದಲ್ಲಿ, 1517ರಲ್ಲಿ, ಲೂಥರ್ ಎತ್ತಿದ ಜಗಳದ ಪರಿಣಾಮ ಅದು. ಜಗಳ ನ್ಯಾಯವಾದದ್ದೇ, ಆದರೆ ಅದರಲ್ಲಿ ನಾವು ಸತ್ತವರ ಜೊತೆಗಿನ ಮಾತನ್ನೂ ಸ್ವಲ್ಪ ಕಳೆದುಕೊಂಡೆವು ಎಂದು ನನಗೆ ಅನ್ನಿಸುತ್ತದೆ. ಅದನ್ನು ತುಂಬಿಕೊಡುವುದು ಈಸ್ಟರಿನ ಬೆಳಗಿನ ಜಾವದ ಆರಾಧನೆ. ಜರ್ಮನಿಯ ಹೆರ್ನ್‌ಹೂಟ್‌ನಲ್ಲಿ 1732ರಲ್ಲಿ ಮೊರೇವಿಯನ್ ಎಂಬ ಕ್ರೈಸ್ತ ಪಂಗಡದ ಯುವಕರು ಸೂರ್ಯೋದಯಕ್ಕೆ ಮುಂಚೆ ಸಮಾಧಿಸ್ಥಳಕ್ಕೆ ಹೋಗಿ ಹಾಡಿದರು. ನಾನು ಸೇವೆ ಮಾಡಿದ ಸಭೆಗಳಲ್ಲೂ ಕತ್ತಲಿರುವಾಗಲೇ ಸ್ಮಶಾನಕ್ಕೆ ಹೋಗಿ, ನಮ್ಮ ನಮ್ಮ ಸಮಾಧಿಗಳ ಬಳಿ ನಿಂತು, ಬೆಳಕು ಬರುವವರೆಗೆ ಹಾಡುತ್ತಿದ್ದೆವು.

ನಿಮ್ಮ ತಂದೆಯ ವಿಷಯದಲ್ಲಿ ತೀರ್ಪು ಹೇಳುವ ಕ್ರೈಸ್ತರು ನಿಮಗೆ ಬೇಕಾದಷ್ಟು ಮಂದಿ ಸಿಗುತ್ತಾರೆ. ಆ ತೀರ್ಪಿನ ಪೀಠದಲ್ಲಿ ಅವರನ್ನು ಯಾರೂ ಕೂರಿಸಿಲ್ಲ. ಲೋಕಕ್ಕೆಲ್ಲ ನ್ಯಾಯ ತೀರಿಸುವವನು ನ್ಯಾಯವಾದದ್ದನ್ನೇ ಮಾಡುವುದಿಲ್ಲವೇ ಎಂದು ಅಬ್ರಹಾಮನು ದೇವರನ್ನೇ ಕೇಳಿದ್ದ. ತಮ್ಮ ತಪ್ಪಿಲ್ಲದೆ ಸುವಾರ್ತೆಯನ್ನು ಅರಿಯದಿದ್ದರೂ ಪ್ರಾಮಾಣಿಕ ಹೃದಯದಿಂದ ದೇವರನ್ನು ಅರಸಿ, ಮನಸ್ಸಾಕ್ಷಿಗೆ ತಕ್ಕಂತೆ ನಡೆದವರು ರಕ್ಷಣೆ ಹೊಂದಬಲ್ಲರು ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೇಳಿತು. ನಮ್ಮ ಕಡೆಯ ಹಲವರು ಇದನ್ನು ಒಪ್ಪುವುದಿಲ್ಲ. ನಾನು ಅಬ್ರಹಾಮನ ಪ್ರಶ್ನೆಯ ಬಳಿ ನಿಲ್ಲುತ್ತೇನೆ.

ಎಡೆಯ ಬಗ್ಗೆ: ಸತ್ತವರು ಹಸಿದು ನಮ್ಮನ್ನು ಕಾಯುತ್ತಿದ್ದಾರೆ ಎಂದು ಕ್ರೈಸ್ತರು ನಂಬುವುದಿಲ್ಲವಾದ್ದರಿಂದ ನೀವಾಗಿ ಎಡೆ ಇಡುವುದು ಬೇಡ ಎನ್ನುತ್ತೇನೆ. ಆದರೆ ಆ ದಿನ ತವರಿಗೆ ಹೋಗಿ. ನಿಮ್ಮ ಅಮ್ಮ ಅಪ್ಪನಿಗೆ ಇಷ್ಟವಾದ ಅಡುಗೆ ಮಾಡುತ್ತಿರುವಾಗ ಅವರೊಬ್ಬರೇ ಒಲೆಯ ಮುಂದೆ ಇರುವಂತೆ ಆಗಬಾರದು.

ಪ್ರಶ್ನೆ: ನನಗೆ ಎಂಬತ್ತೆರಡು ವರ್ಷ. ಜೀವಮಾನವೆಲ್ಲ ತೋಟದಲ್ಲಿ ದುಡಿದವನು. ನಿತ್ಯಜೀವವೆಂದರೆ ಎಂದೆಂದಿಗೂ ಹಾಡುತ್ತಾ ಕುಳಿತಿರುವುದು ಎಂದು ಚರ್ಚಿನ ಪ್ರಸಂಗದಲ್ಲಿ ಕೇಳಿದೆ. ನನಗೆ ಹಾಡಲು ಬರುವುದಿಲ್ಲ. ಅಲ್ಲಿ ಕೆಲಸವೇನಾದರೂ ಇರುತ್ತದೆಯೇ? (ಹೊಳಲ್ಕೆರೆ ತಾಲ್ಲೂಕಿನಿಂದ ಅಂಚೆ ಕಾರ್ಡು)

ಉತ್ತರ: ಯಜಮಾನರೇ, ಬಂದ ಪತ್ರಗಳಲ್ಲಿ ನನ್ನನ್ನು ನಗಿಸಿದ್ದು ನಿಮ್ಮದೊಂದೇ. ಹಾಡಿನ ಮಾತು ಬೈಬಲಿನ ಪ್ರಕಟನೆ ಪುಸ್ತಕದಲ್ಲಿ ಇದೆ, ಆದರೆ ಅದೇ ಪುಸ್ತಕದ ಕೊನೆಯಲ್ಲಿ ಜನ ಮೇಲೆ ಹೋಗುವುದಿಲ್ಲ, ದೇವರ ಪಟ್ಟಣವೇ ಕೆಳಗೆ ಭೂಮಿಗೆ ಇಳಿದು ಬರುತ್ತದೆ. ಅದರ ನಡುವೆ ನದಿ ಹರಿಯುತ್ತದೆ, ದಡದಲ್ಲಿ ತಿಂಗಳು ತಿಂಗಳಿಗೂ ಫಲ ಬಿಡುವ ಮರವಿರುತ್ತದೆ. ದೇಹ ಎದ್ದು ಬರುತ್ತದೆಂದ ಮೇಲೆ ಕೈಯೂ ಬರುತ್ತದೆ, ಕೈ ಬಂದ ಮೇಲೆ ಅದಕ್ಕೆ ಕೆಲಸವೂ ಇರಬೇಕು. ಪ್ರವಾದಿ ಯೆಶಾಯನು ಹೊಸ ಆಕಾಶ, ಹೊಸ ಭೂಮಿಯ ಕುರಿತು ಬರೆದ 65ನೇ ಅಧ್ಯಾಯವನ್ನು ಮೊಮ್ಮಕ್ಕಳಿಂದ ಓದಿಸಿ ಕೇಳಿರಿ. ಅಲ್ಲಿ ಮನೆ ಕಟ್ಟಿದವರೇ ಅದರಲ್ಲಿ ವಾಸಿಸುತ್ತಾರೆ, ತೋಟ ಮಾಡಿದವರೇ ಅದರ ಫಲ ತಿನ್ನುತ್ತಾರೆ. ಒಬ್ಬ ನೆಟ್ಟದ್ದನ್ನು ಇನ್ನೊಬ್ಬ ತಿನ್ನುವಂತಿಲ್ಲ. ಅಡಿಕೆ ಸಸಿ ನೆಟ್ಟು ಫಸಲಿಗೆ ವರ್ಷಗಟ್ಟಲೆ ಕಾದು, ಅಷ್ಟರಲ್ಲಿ ಕೊಳವೆಬಾವಿ ಬತ್ತಿದ್ದನ್ನು ಕಂಡ ನಿಮ್ಮ ಸೀಮೆಯವರಿಗೆ ಆ ಮಾತಿನ ತೂಕ ನನಗಿಂತ ಚೆನ್ನಾಗಿ ಗೊತ್ತು. ನೀರಿನ ಚಿಂತೆಯಿದ್ದರೆ 35ನೇ ಅಧ್ಯಾಯವನ್ನೂ ಓದಿಸಿರಿ. ಒಣನೆಲದಲ್ಲಿ ಬುಗ್ಗೆಗಳು ಏಳುತ್ತವೆ ಎಂದಿದೆ, ಎಷ್ಟು ಅಡಿಗೆ ಎಂದು ಬರೆದಿಲ್ಲ.